ಕಣ್ಣೆಲ್ಲಿಟ್ಟಿದ್ದೆ?: ಹುಡುಕುವ ನೋಟದ ಒಂದು ಚರಿತ್ರೆ

ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸುವ ಕೆಲಸ ನಮ್ಮ ಮನೆಯಲ್ಲಿ ಮಕ್ಕಳ ಪಾಲಿಗೆ ಬರುತ್ತಿತ್ತು. ಕಪ್ಪು ಕಲ್ಲು ಇದ್ದರೆ ತಾನಾಗಿಯೇ ಕಣ್ಣಿಗೆ ಬೀಳುತ್ತಿತ್ತು. ಹೊಟ್ಟು ಬಿಡದ ಭತ್ತದ ಕಾಳೂ ಅಷ್ಟೇ, ತನ್ನ ಹಳದಿ ಮೈಯಿಂದ ಸುಲಭವಾಗಿ ಸಿಕ್ಕಿಬೀಳುತ್ತಿತ್ತು. ಸತಾಯಿಸುತ್ತಿದ್ದದ್ದು ಬಿಳಿ ಕಲ್ಲು. ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರ. ಎಷ್ಟು ಆರಿಸಿದರೂ ಒಂದು ಉಳಿದು, ಊಟದ ಹೊತ್ತಿಗೆ ಯಾರದೋ ಹಲ್ಲಿಗೆ ಸಿಕ್ಕಿ ಕಟಕ್ ಎನ್ನುತ್ತಿತ್ತು. ಆಗ ಅಜ್ಜಿ ಕೇಳುತ್ತಿದ್ದಳು: “ಕಣ್ಣೆಲ್ಲಿಟ್ಟಿದ್ದೆ?”

ಕಣ್ಣು ಮೊರದ ಮೇಲೆಯೇ ಇತ್ತು. ಕಲ್ಲೂ ಮೊರದಲ್ಲೇ ಇತ್ತು. ಆದರೂ ಕಾಣಲಿಲ್ಲ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದವರನ್ನು ನೋಡಿ ನಗುವ ನಮ್ಮ ಗಾದೆಯೂ ಅಜ್ಜಿಯ ಗದರಿಕೆಯೂ ಒಂದೇ ನಂಬಿಕೆಯ ಮೇಲೆ ನಿಂತಿವೆ. ಕಣ್ಣು ತೆರೆದಿದ್ದು ವಸ್ತು ಎದುರಿಗಿದ್ದರೆ ಅದು ಕಾಣಲೇಬೇಕು. ಕಾಣದಿದ್ದರೆ ಅದು ನೋಡುವವರ ಉದಾಸೀನ. ಅಕ್ಕಿಯ ಕಲ್ಲಿನ ಮಟ್ಟಿಗೆ ಈ ನಂಬಿಕೆಯಿಂದ ದೊಡ್ಡ ಹಾನಿಯಿಲ್ಲ. ಆದರೆ ಇದೇ ಪ್ರಶ್ನೆಯನ್ನು ಜಲಾಂತರ್ಗಾಮಿಯ ಸುಳಿವು ತಪ್ಪಿಸಿಕೊಂಡ ಸೈನಿಕನಿಗೂ, ಎಕ್ಸ್-ರೇಯಲ್ಲಿದ್ದ ಗಂಟನ್ನು ಗುರುತಿಸದೆ ಹೋದ ವೈದ್ಯನಿಗೂ, ವಿಮಾನ ನಿಲ್ದಾಣದಲ್ಲಿ ಚೀಲಗಳ ಚಿತ್ರ ನೋಡುತ್ತ ಕೂತವನಿಗೂ ಕೇಳುತ್ತೇವೆ. ಅಲ್ಲಿ ಉತ್ತರದ ಬೆಲೆ ಒಂದು ಜೀವವಾಗಿರಬಹುದು. ಈ ಉತ್ತರವನ್ನು ಹುಡುಕಿದವರ ಕಥೆ ಸುಮಾರು 150 ವರ್ಷಗಳದು.

ಕಥೆ ಶುರುವಾಗುವುದು ಜರ್ಮನಿಯ ಒಂದು ಕತ್ತಲೆ ಪೆಟ್ಟಿಗೆಯಿಂದ. 1851ರಲ್ಲಿ ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು ಲೋಕಕ್ಕೆ ಕೊಟ್ಟ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ವೈದ್ಯನೂ ಹೌದು, ಭೌತವಿಜ್ಞಾನಿಯೂ ಹೌದು. ಕಣ್ಣಿನ ಯಂತ್ರವನ್ನು ಅವನಷ್ಟು ಚೆನ್ನಾಗಿ ಬಲ್ಲವರು ಆಗ ಕಡಿಮೆ. ಅವನು ಪೂರ್ತಿ ಕತ್ತಲಾಗಿದ್ದ ಪೆಟ್ಟಿಗೆಯೊಳಗೆ ಅಕ್ಷರಗಳಿದ್ದ ಹಾಳೆಯೊಂದನ್ನು ಇಟ್ಟ. ನಡುವೆ ಸೂಜಿಮೊನೆಯಷ್ಟು ತೂತು. ಅದರಿಂದ ಬರುವ ಬೆಳಕಿನ ಚುಕ್ಕೆಯ ಮೇಲೆ ದೃಷ್ಟಿ ನೆಟ್ಟು ಕೂತ. ಆಮೇಲೆ ಒಂದು ವಿದ್ಯುತ್ ಕಿಡಿ ಹಾರಿತು. ಕಣ್ಣು ಕದಲುವಷ್ಟೂ ಸಮಯವಿಲ್ಲದ ಆ ಕ್ಷಣದ ಬೆಳಕಿನಲ್ಲಿ ಹಾಳೆಯ ಎಲ್ಲ ಅಕ್ಷರಗಳೂ ಕಾಣಲಿಲ್ಲ. ಆದರೆ ಕಿಡಿ ಹಾರುವ ಮೊದಲೇ ‘ಈ ಬಾರಿ ಬಲಗಡೆಯದನ್ನು ಗಮನಿಸುತ್ತೇನೆ’ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದರೆ, ಆ ಭಾಗದ ಅಕ್ಷರಗಳನ್ನು ಓದಬಹುದಾಗಿತ್ತು. ಕಣ್ಣು ನಡುವಿನ ಚುಕ್ಕೆಯಲ್ಲೇ ಇತ್ತು. ಗಮನ ಮಾತ್ರ ಬಲಕ್ಕೆ ಹೋಗಿತ್ತು.

ಈ ಸಣ್ಣ ಪ್ರಯೋಗ ಹೇಳಿದ್ದು ದೊಡ್ಡ ಮಾತು. ಕಣ್ಣು ಎಲ್ಲಿದೆ ಎನ್ನುವುದು ಬೇರೆ, ಗಮನ ಎಲ್ಲಿದೆ ಎನ್ನುವುದು ಬೇರೆ. ಸಾಮಾನ್ಯವಾಗಿ ಇವೆರಡೂ ಜೊತೆಯಾಗಿಯೇ ಓಡಾಡುತ್ತವೆ, ಹಾಗಾಗಿ ಒಂದೇ ಎಂದು ನಮಗೆ ಅನ್ನಿಸುತ್ತದೆ. ಜೊತೆಯಾಗಿ ಓಡಾಡಲೇಬೇಕಾದ ಕಾರಣವೂ ಇದೆ. ನಮ್ಮ ಕಣ್ಣು ಸೂಕ್ಷ್ಮವಾಗಿ ನೋಡುವ ಜಾಗ ತೀರ ಚಿಕ್ಕದು. ತೋಳು ಚಾಚಿ ಹೆಬ್ಬೆರಳು ಎತ್ತಿದರೆ ಅದರ ಉಗುರಿನಷ್ಟು. ಉಳಿದದ್ದೆಲ್ಲ ಮಸುಕು. ಲೋಕವೆಲ್ಲ ಒಟ್ಟಿಗೇ ಸ್ಪಷ್ಟವಾಗಿ ಕಾಣುತ್ತಿದೆ ಎನ್ನುವ ಭಾವನೆ ಬರುವುದು, ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಕುಪ್ಪಳಿಸಿ ಆ ಉಗುರಿನಗಲವನ್ನು ಬೇರೆ ಬೇರೆ ಕಡೆ ಇಡುವುದರಿಂದ. ಹಾಗಾದರೆ ಮುಂದಿನ ಹೆಜ್ಜೆ ಎಲ್ಲಿಗೆ ಎಂದು ಹೇಳುವವರು ಯಾರು? ಈ ಪ್ರಶ್ನೆ ತತ್ತ್ವಜ್ಞಾನದ ಮೇಜಿನಿಂದ ಇಳಿದು ಜೀವನ್ಮರಣದ ಪ್ರಶ್ನೆಯಾಗಲು ಒಂದು ಯುದ್ಧ ಬೇಕಾಯಿತು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳು ಜರ್ಮನಿಯ ಜಲಾಂತರ್ಗಾಮಿಗಳನ್ನು ಹುಡುಕುತ್ತ ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರುತ್ತಿದ್ದವು. ರೇಡಾರ್ ಪರದೆಯ ಮುಂದೆ ಕೂತ ಯುವಕ ನೋಡಬೇಕಾಗಿದ್ದದ್ದು ಒಂದು ಪುಟ್ಟ ಮಿಣುಕನ್ನು. ಅದು ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ ತಿಳಿಯದು. ಬಂದ ಮಿಣುಕುಗಳೂ ತಪ್ಪಿಹೋಗುತ್ತಿದ್ದವು. ಉದಾಸೀನವೆನ್ನೋಣವೆಂದರೆ, ಆ ಸಮುದ್ರದ ಮೇಲೆ ಉದಾಸೀನ ಮಾಡಿದರೆ ಸಾಯುವವರು ತಮ್ಮವರೇ ಎನ್ನುವುದು ಅವರಿಗೆ ಗೊತ್ತಿತ್ತು.

ಕೇಂಬ್ರಿಜ್‌ನಲ್ಲಿದ್ದ ನಾರ್ಮನ್ ಮ್ಯಾಕ್‌ವರ್ತ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡ. ಅವನು ಮಾಡಿಸಿದ್ದು ಅಂಕೆಗಳಿಲ್ಲದ ಒಂದು ಗಡಿಯಾರ. ಅದರ ಮುಳ್ಳು ಸೆಕೆಂಡಿಗೊಂದು ಹೆಜ್ಜೆಯಂತೆ ಚಲಿಸುತ್ತಿತ್ತು; ಅಪರೂಪಕ್ಕೊಮ್ಮೆ ಮಾತ್ರ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತಿತ್ತು. ಹಾರಿದಾಗ ಗುಂಡಿ ಒತ್ತಬೇಕು. ಅರ್ಧ ಗಂಟೆಗೆ ಅಂಥ ಹನ್ನೆರಡು ಹಾರಿಕೆ, ಒಟ್ಟು ಎರಡು ಗಂಟೆಯ ಕಾವಲು, ಕೋಣೆಯಲ್ಲಿ ಒಬ್ಬನೇ. ಮೊದಲ ಅರ್ಧ ಗಂಟೆಯಲ್ಲಿ ನೂರಕ್ಕೆ ಸುಮಾರು 15 ಹಾರಿಕೆಗಳು ತಪ್ಪಿಹೋದವು. ಅದಾದ ಮೇಲೆ ತಪ್ಪುವ ಪ್ರಮಾಣ ಕಾಲು ಭಾಗಕ್ಕೆ ಏರಿ ಅಲ್ಲೇ ನಿಂತಿತು. ಆರೋಗ್ಯವಂತ, ಆಯ್ದು ತಂದ ಯುವಕರ ಗತಿ ಇದು. ನಡುವೆ ಟೆಲಿಫೋನಿನಲ್ಲಿ ‘ಇನ್ನೂ ಚೆನ್ನಾಗಿ ಮಾಡಿ’ ಎಂದು ಹೇಳಿದರೆ ಸ್ವಲ್ಪ ಹೊತ್ತು ಗಮನ ಮರಳುತ್ತಿತ್ತು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಬಿಡುವು ಎಂದು ಮಾಡಿದರೆ ಇಳಿಮುಖವೇ ಇರುತ್ತಿರಲಿಲ್ಲ. ಪ್ರತಿ ಸಲವೂ ‘ಸರಿ, ಇದು ತಪ್ಪಿತು’ ಎಂದು ಫಲಿತಾಂಶ ತಿಳಿಸುತ್ತ ಹೋದರೂ ಅಷ್ಟೇ. 1948ರಲ್ಲಿ ಪ್ರಕಟವಾದ ಈ ಲೇಖನದ ಮುಖ್ಯ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು: ಕಾವಲುಗಾರನನ್ನು ಬೈಯುವ ಮೊದಲು ಕಾವಲಿನ ವೇಳಾಪಟ್ಟಿಯನ್ನು ನೋಡಿ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಆಘಾತ ಕಾದಿತ್ತು. ಕ್ಷಯರೋಗವನ್ನು ಪತ್ತೆ ಮಾಡಲು ಜನರನ್ನು ಸಾಲಾಗಿ ನಿಲ್ಲಿಸಿ ಎದೆಯ ಎಕ್ಸ್-ರೇ ತೆಗೆಯುವ ಕಾಲ ಅದು. ಯಾವ ಅಳತೆಯ, ಯಾವ ಬಗೆಯ ಫಿಲ್ಮ್ ಉತ್ತಮ ಎಂದು ತಿಳಿಯಲು ಪರಿಣತರಿಗೆ ಒಂದೇ ಗುಂಪಿನ ಜನರ ಬೇರೆ ಬೇರೆ ಬಗೆಯ ಫಿಲ್ಮ್‌ಗಳನ್ನು ಕೊಟ್ಟು ಓದಿಸಲಾಯಿತು. 1947ರಲ್ಲಿ ಬಂದ ಫಲಿತಾಂಶ ಫಿಲ್ಮ್‌ಗಳ ಬಗ್ಗೆ ಹೇಳಿದ್ದಕ್ಕಿಂತ ಓದುಗರ ಬಗ್ಗೆಯೇ ಹೆಚ್ಚು ಹೇಳಿತು. ಫಿಲ್ಮ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಓದುವವರ ನಡುವಿನ ವ್ಯತ್ಯಾಸ ದೊಡ್ಡದಾಗಿತ್ತು. ಅಷ್ಟೇ ಅಲ್ಲ, ಅದೇ ವೈದ್ಯ ಅದೇ ಫಿಲ್ಮನ್ನು ಸ್ವಲ್ಪ ಕಾಲದ ನಂತರ ಮತ್ತೆ ನೋಡಿದಾಗ ತನ್ನದೇ ಮೊದಲ ಮಾತನ್ನು ತಾನೇ ಅಲ್ಲಗಳೆಯುವುದೂ ಇತ್ತು. ಎಕ್ಸ್-ರೇ ಯಂತ್ರಕ್ಕೆ ಮಾನವ ನೋಟದ ಚಪಲವಿಲ್ಲ. ಆದರೆ ಅದು ಕೊಟ್ಟ ಚಿತ್ರವನ್ನು ಕೊನೆಗೆ ಓದಬೇಕಾದದ್ದು ಅದೇ ಹೆಬ್ಬೆರಳ ಉಗುರಿನಗಲದ ಕಣ್ಣು.

ನೋಟವನ್ನು ನಡೆಸುವವರು ಯಾರು ಎಂಬ ಪ್ರಶ್ನೆಗೆ ಅತ್ಯಂತ ಸುಂದರವಾದ ಉತ್ತರ ಬಂದದ್ದು ಮಾಸ್ಕೋದಿಂದ, ಅದೂ ಒಂದು ಚಿತ್ರಕಲಾಕೃತಿಯ ಮೂಲಕ. ಇಲ್ಯಾ ರೆಪಿನ್ 1880ರ ದಶಕದಲ್ಲಿ ಬರೆದ ಆ ಚಿತ್ರದ ಹೆಸರು, ಕನ್ನಡದಲ್ಲಿ ಹೇಳುವುದಾದರೆ, ‘ಯಾರೂ ನಿರೀಕ್ಷಿಸಿರಲಿಲ್ಲ’. ಗಡೀಪಾರಾಗಿದ್ದವನೊಬ್ಬ ಹಳೆಯ ಕೋಟು ತೊಟ್ಟು ಇದ್ದಕ್ಕಿದ್ದಂತೆ ಮನೆಯೊಳಕ್ಕೆ ಬಂದು ನಿಂತಿದ್ದಾನೆ. ಹಿರಿಯ ಹೆಂಗಸೊಬ್ಬಳು ಕುರ್ಚಿಯಿಂದ ಏಳುತ್ತಿದ್ದಾಳೆ, ಪಿಯಾನೋ ಮುಂದೆ ಕೂತವಳು ತಿರುಗಿ ನೋಡುತ್ತಿದ್ದಾಳೆ, ಮೇಜಿನ ಬಳಿ ಮಕ್ಕಳಿದ್ದಾರೆ, ಬಾಗಿಲಲ್ಲಿ ಕೆಲಸದವಳಿದ್ದಾಳೆ. ಆಲ್ಫ್ರೆಡ್ ಯಾರ್ಬಸ್ ಎಂಬ ವಿಜ್ಞಾನಿ ನೋಡುಗನ ಕಣ್ಣಿಗೆ ಪುಟ್ಟ ಕನ್ನಡಿಯಿದ್ದ ಬಟ್ಟಲೊಂದನ್ನು ಅಂಟಿಸಿ, ಅದರಿಂದ ಪ್ರತಿಫಲಿಸುವ ಬೆಳಕಿನ ಜಾಡು ಹಿಡಿದು, ಕಣ್ಣು ಈ ಚಿತ್ರದ ಮೇಲೆ ಎಲ್ಲೆಲ್ಲಿ ಓಡಾಡಿತು ಎಂದು ದಾಖಲಿಸಿದ. ಚಿತ್ರ ಒಂದೇ, ನೋಡುಗನೂ ಒಬ್ಬನೇ. ಬದಲಾಗುತ್ತಿದ್ದದ್ದು ಕೇಳುವ ಪ್ರಶ್ನೆ ಮಾತ್ರ.

‘ಇವರಿಗೆಲ್ಲ ಎಷ್ಟು ವಯಸ್ಸು?’ ಎಂದು ಕೇಳಿದಾಗ ಕಣ್ಣು ಮುಖದಿಂದ ಮುಖಕ್ಕೆ ಹಾರಿತು. ‘ಇವರು ಯಾವ ಬಟ್ಟೆ ತೊಟ್ಟಿದ್ದಾರೆ, ನೆನಪಿಟ್ಟುಕೊ’ ಎಂದಾಗ ಮೈಮೇಲಿನ ಉಡುಪಿನುದ್ದಕ್ಕೂ ಇಳಿದು ಹತ್ತಿತು. ‘ಈ ಮನೆಯವರ ಆರ್ಥಿಕ ಸ್ಥಿತಿ ಹೇಗಿದೆ?’ ಎಂದಾಗ ಪೀಠೋಪಕರಣಗಳ ಮೇಲೂ ಸುತ್ತಾಡಿತು. ‘ಬಂದವನು ಎಷ್ಟು ಕಾಲ ದೂರವಿದ್ದ?’ ಎಂದಾಗ ಅವನ ಮುಖಕ್ಕೂ ಮನೆಯವರ ಮುಖಗಳಿಗೂ ನಡುವೆ ಹೋಗಿ ಬಂದು ಮಾಡಿತು. 1965ರಲ್ಲಿ ರಷ್ಯನ್ ಭಾಷೆಯಲ್ಲಿ, 1967ರಲ್ಲಿ ಇಂಗ್ಲಿಷಿನಲ್ಲಿ ಬಂದ ಯಾರ್ಬಸನ ಪುಸ್ತಕದ ಈ ಗೀಟುಗಳ ಚಿತ್ರಗಳು ಇಂದಿಗೂ ಪಠ್ಯಗಳಲ್ಲಿ ಅಚ್ಚಾಗುತ್ತಿವೆ. ಸಾಹಿತ್ಯದ ಓದುಗರಿಗೆ ಇದು ಅಪರಿಚಿತ ಅನುಭವವಲ್ಲ. ಕಥೆ ತಿಳಿಯಲು ಓದಿದ ಕಾದಂಬರಿಯನ್ನು ಪರೀಕ್ಷೆಗೆಂದು ಮತ್ತೆ ಓದಿದಾಗ, ಮೊದಲು ಕಾಣದ ಸಾಲುಗಳು ಎದ್ದು ಕಾಣುತ್ತವೆ. ಪುಟ ಬದಲಾಗಿರುವುದಿಲ್ಲ, ನಾವು ಹೊತ್ತುಕೊಂಡು ಹೋದ ಪ್ರಶ್ನೆ ಬದಲಾಗಿರುತ್ತದೆ.

ಪ್ರಶ್ನೆ ಕಣ್ಣನ್ನು ನಡೆಸುತ್ತದೆ, ನಿಜ. ಆದರೆ ಹೇಗೆ? ಕಪ್ಪು ಕಲ್ಲು ತಾನಾಗಿ ಸಿಕ್ಕು, ಬಿಳಿ ಕಲ್ಲು ಸತಾಯಿಸುವುದೇಕೆ? ಇದಕ್ಕೆ ಒಂದು ಸಿದ್ಧಾಂತವನ್ನು ಕಟ್ಟಿಕೊಟ್ಟವಳು ಸಾಹಿತ್ಯದಿಂದ ಬಂದವಳು. 1935ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಆನ್ ಟ್ರೀಸ್ಮನ್ ಕೇಂಬ್ರಿಜ್‌ನಲ್ಲಿ ಮೊದಲು ಓದಿದ್ದು ಫ್ರೆಂಚ್ ಸಾಹಿತ್ಯ. ಮೊದಲ ದರ್ಜೆಯಲ್ಲಿ ಪಾಸಾಗಿ, ಅದೇ ವಿಷಯದಲ್ಲಿ ಸಂಶೋಧನೆಗೆ ಅವಕಾಶ ಸಿಕ್ಕಿದ್ದರೂ ಮನಶ್ಶಾಸ್ತ್ರಕ್ಕೆ ಹೊರಳಿದಳು. ಆಕ್ಸ್‌ಫರ್ಡಿನ ಅವಳ ಡಾಕ್ಟರೇಟ್ ಅಧ್ಯಯನ ಕಿವಿಯ ಬಗ್ಗೆ: ಎರಡು ಕಿವಿಗಳಲ್ಲಿ ಎರಡು ಮಾತು ಕೇಳುತ್ತಿರುವಾಗ ಒಂದನ್ನು ಮಾತ್ರ ಹಿಡಿಯುವುದು ಹೇಗೆ ಎಂಬುದು. ಆಮೇಲೆ ಅವಳ ಗಮನ ಕಣ್ಣಿನ ಕಡೆಗೆ ತಿರುಗಿತು.

1980ರಲ್ಲಿ ಗ್ಯಾರಿ ಗೆಲೇಡ್ ಜೊತೆ ಸೇರಿ ಅವಳು ಪ್ರಕಟಿಸಿದ ಪ್ರಯೋಗ ಕೇಳಲು ಮಕ್ಕಳಾಟದಂತಿದೆ. ಕಾರ್ಡಿನ ಮೇಲೆ ಬಣ್ಣಬಣ್ಣದ ಅಕ್ಷರಗಳು, ಕೆಲವೊಮ್ಮೆ ಐದು, ಕೆಲವೊಮ್ಮೆ ಮೂವತ್ತು. ಕಂದು ಮತ್ತು ಹಸಿರು ಅಕ್ಷರಗಳ ನಡುವೆ ಒಂದು ನೀಲಿ ಅಕ್ಷರವನ್ನು ಹುಡುಕಿ ಎಂದರೆ, ಐದಿರಲಿ ಮೂವತ್ತಿರಲಿ, ಹಿಡಿದ ಸಮಯ ಹೆಚ್ಚು ಕಡಿಮೆ ಒಂದೇ. ನೀಲಿ ತಾನಾಗಿ ಎದ್ದು ಬರುತ್ತದೆ. ಆದರೆ ಹಸಿರು ಬಣ್ಣದ ‘ಟಿ’ಯನ್ನು ಹುಡುಕಬೇಕು, ಸುತ್ತಲೂ ಇರುವುದು ಹಸಿರು ‘ಎಕ್ಸ್’ ಮತ್ತು ಕಂದು ‘ಟಿ’ಗಳು ಎಂದರೆ ಆಟ ಬದಲಾಗುತ್ತದೆ. ಹಸಿರೂ ಎಲ್ಲೆಡೆ ಇದೆ, ‘ಟಿ’ಯೂ ಎಲ್ಲೆಡೆ ಇದೆ, ಎರಡೂ ಒಂದೆಡೆ ಕೂಡಿರುವುದು ಒಂದೇ ಕಡೆ. ಇಲ್ಲಿ ಅಕ್ಷರಗಳು ಹೆಚ್ಚಾದಂತೆ ಸಮಯವೂ ಏರುತ್ತ ಹೋಯಿತು. ಹುಡುಕುವುದು ಅಲ್ಲಿ ಇಲ್ಲವೇ ಇಲ್ಲ ಎಂದಾದಾಗ ಆ ಏರಿಕೆ ಸುಮಾರು ಇಮ್ಮಡಿ. ಯಾಕೆಂದರೆ ಇದ್ದರೆ ಸರಾಸರಿ ಅರ್ಧ ಹುಡುಕುವಷ್ಟರಲ್ಲಿ ಸಿಗುತ್ತದೆ, ಇಲ್ಲ ಎನ್ನಬೇಕಾದರೆ ಎಲ್ಲವನ್ನೂ ನೋಡಿ ಮುಗಿಸಬೇಕು.

ಟ್ರೀಸ್ಮನ್ ಇದನ್ನು ವಿವರಿಸಿದ್ದು ಹೀಗೆ. ಬಣ್ಣ, ಗೆರೆಯ ಓರೆ, ಗಾತ್ರ, ಚಲನೆ ಇಂಥ ಗುಣಗಳನ್ನು ಮಿದುಳು ಇಡೀ ದೃಶ್ಯದುದ್ದಕ್ಕೂ ಒಂದೇ ಸಲಕ್ಕೆ, ಬೇರೆ ಬೇರೆಯಾಗಿ ಗ್ರಹಿಸಿಬಿಡುತ್ತದೆ. ಅದಕ್ಕೆ ಗಮನ ಬೇಕಿಲ್ಲ. ಆದರೆ ಈ ಬಣ್ಣ ಆ ಆಕಾರದ್ದು ಎಂದು ಗುಣಗಳನ್ನು ಹೊಲಿದು ಒಂದು ವಸ್ತುವನ್ನಾಗಿ ಮಾಡಲು ಗಮನ ಬೇಕು. ಆ ಸೂಜಿ ಒಂದು ಹೊತ್ತಿಗೆ ಒಂದು ಕಡೆ ಮಾತ್ರ ಹೊಲಿಯಬಲ್ಲದು. ಇದು ನಿಜವಾದರೆ ಗಮನಕ್ಕೆ ಸಮಯವೇ ಸಿಗದಾಗ ಹೊಲಿಗೆ ತಪ್ಪಬೇಕಲ್ಲ? ತಪ್ಪುತ್ತದೆ. ಬಣ್ಣದ ಅಕ್ಷರಗಳನ್ನು ಕ್ಷಣಕಾಲ ಮಿಂಚಿಸಿ ತೋರಿಸಿದಾಗ ಜನ ಒಂದರ ಬಣ್ಣವನ್ನು ಇನ್ನೊಂದಕ್ಕೆ ಅಂಟಿಸಿ, ಅಲ್ಲಿ ಇಲ್ಲದೇ ಇದ್ದ ಅಕ್ಷರವನ್ನು ‘ಕಂಡೆ’ ಎಂದು ಹೇಳಿದ್ದನ್ನು 1982ರಲ್ಲಿ ಅವಳು ವರದಿ ಮಾಡಿದಳು. ಬುಡಾಪೆಸ್ಟಿನ ವೈದ್ಯ ರೆಜೋ ಬಾಲಿಂಟ್ 1909ರಲ್ಲಿ ವರ್ಣಿಸಿದ್ದ ವಿಚಿತ್ರ ಕಾಯಿಲೆಯೊಂದು ಆಗ ಹೊಸ ಅರ್ಥ ಪಡೆಯಿತು. ಮಿದುಳಿನ ಮೇಲ್ಭಾಗದ ಎರಡೂ ಬದಿಗೆ ಪೆಟ್ಟಾದ ಅಂಥ ರೋಗಿಗಳಿಗೆ ಒಂದು ಹೊತ್ತಿಗೆ ಒಂದೇ ವಸ್ತು ಕಾಣುತ್ತದೆ. ಟ್ರೀಸ್ಮನ್ ಮತ್ತು ಸಂಗಡಿಗರು 1995ರಲ್ಲಿ ಬರೆದ ಅಂಥ ಒಬ್ಬ ರೋಗಿ, ಎರಡೇ ಅಕ್ಷರಗಳನ್ನು ಹತ್ತು ಸೆಕೆಂಡು ತೋರಿಸಿದರೂ ಅವುಗಳ ಬಣ್ಣವನ್ನು ಅದಲು ಬದಲು ಮಾಡಿ ಹೇಳುತ್ತಿದ್ದ. ಅವನ ಕಣ್ಣು ಸರಿಯಾಗಿತ್ತು. ಹೊಲಿಯುವ ಸೂಜಿ ಕಳೆದುಹೋಗಿತ್ತು.

ಸಿದ್ಧಾಂತ ಚೆನ್ನಾಗಿತ್ತು, ಆದರೆ ನಿತ್ಯಜೀವನಕ್ಕೆ ಪೂರ್ತಿ ಹೊಂದುತ್ತಿರಲಿಲ್ಲ. ಎರಡು ಗುಣಗಳು ಸೇರಿದ ವಸ್ತುವನ್ನೆಲ್ಲ ಒಂದೊಂದಾಗಿ ತಡಕಾಡಿಯೇ ಹುಡುಕುವುದಾದರೆ, ಜಾತ್ರೆಯಲ್ಲಿ ಕೆಂಪಂಗಿ ತೊಟ್ಟ ಮಗುವನ್ನು ಹುಡುಕಲು ಪ್ರತಿಯೊಬ್ಬರ ಮುಖವನ್ನೂ ನೋಡಬೇಕಾದೀತು. ನಾವು ಹಾಗೆ ಮಾಡುವುದಿಲ್ಲ. ಕೆಂಪಿದ್ದಲ್ಲಿಗೆ, ಮಕ್ಕಳೆತ್ತರಕ್ಕೆ ಕಣ್ಣು ತಾನಾಗಿ ಹೋಗುತ್ತದೆ. 1989ರಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಇಂಥ ಹುಡುಕಾಟಗಳು ಟ್ರೀಸ್ಮನ್ ಹೇಳಿದ್ದಕ್ಕಿಂತ ಎಷ್ಟೋ ವೇಗವಾಗಿ ನಡೆಯುತ್ತವೆ ಎಂದು ತೋರಿಸಿ, ಅವಳ ಸಿದ್ಧಾಂತಕ್ಕೆ ಒಂದು ತಿದ್ದುಪಡಿ ತಂದರು. ಮೊದಲ ಹಂತದಲ್ಲಿ ಸಿಕ್ಕ ಬಣ್ಣ, ಓರೆಗಳ ಸುಳಿವು ವ್ಯರ್ಥವಾಗುವುದಿಲ್ಲ; ಅದು ಗಮನಕ್ಕೆ ದಾರಿ ತೋರಿಸುತ್ತದೆ. ಕೆಂಪು ಬೇಕು ಎಂದರೆ ಕೆಂಪಾದುದೆಲ್ಲ ಮನಸ್ಸಿನಲ್ಲಿ ಒಂದು ಮೆಟ್ಟಿಲು ಮೇಲೇರುತ್ತದೆ, ನೆಟ್ಟಗಿರುವುದು ಬೇಕು ಎಂದರೆ ನೆಟ್ಟಗಿನದೆಲ್ಲ ಇನ್ನೊಂದು ಮೆಟ್ಟಿಲು. ಎರಡೂ ಇರುವುದು ಎಲ್ಲಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ. ಗಮನ ಮೊದಲು ಅಲ್ಲಿಗೇ ಹೋಗುತ್ತದೆ.

ಮುಂದಿನ ಮೂವತ್ತು ವರ್ಷಗಳಲ್ಲಿ ದಾರಿ ತೋರಿಸುವವರ ಪಟ್ಟಿ ಬೆಳೆಯಿತು. ತಾನಾಗಿ ಎದ್ದು ಕಾಣುವ ಗುಣ ಒಂದು, ನಾವು ಹುಡುಕುತ್ತಿರುವ ವಸ್ತುವಿನ ಲಕ್ಷಣ ಇನ್ನೊಂದು. ದೃಶ್ಯದ ರಚನೆ ಮೂರನೆಯದು: ಸೌಟನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹುಡುಕುತ್ತೇವೆಯೇ ಹೊರತು ಸೂರಿನಲ್ಲಲ್ಲ. ಈಗಷ್ಟೇ ಏನನ್ನು ಕಂಡೆವು ಎಂಬುದು ನಾಲ್ಕು, ಯಾವುದರಿಂದ ನಮಗೆ ಲಾಭ ಎಂಬುದು ಐದು. ನಾವು ‘ನೋಡಿದೆ’ ಎನ್ನುವ ಪ್ರತಿ ಕ್ಷಣದ ಹಿಂದೆಯೂ ಈ ಐವರ ಪಂಚಾಯಿತಿ ನಡೆದಿರುತ್ತದೆ. ಮತ್ತು ಯಾವ ಪಂಚಾಯಿತಿಯೂ ತೀರ್ಪಿನಲ್ಲಿ ತಪ್ಪದೆ ಇರುವುದಿಲ್ಲ.

ಆ ತಪ್ಪಿನ ಲೆಕ್ಕ 2005ರಲ್ಲಿ ಸಿಕ್ಕಿತು. ವುಲ್ಫ್, ಟಾಡ್ ಹೊರೊವಿಟ್ಜ್ ಮತ್ತು ನವೊಮಿ ಕೆನರ್ ಕಲಸುಮೇಲೋಗರವಾದ ಚಿತ್ರಗಳಲ್ಲಿ ಸುತ್ತಿಗೆಯಂಥ ಉಪಕರಣಗಳನ್ನು ಹುಡುಕಲು ಜನರಿಗೆ ಹೇಳಿದರು. ಎರಡು ಚಿತ್ರಕ್ಕೊಂದರಲ್ಲಿ ಉಪಕರಣವಿದ್ದಾಗ ನೂರಕ್ಕೆ 7 ತಪ್ಪಿಹೋದವು. ನೂರು ಚಿತ್ರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ನೂರಕ್ಕೆ 30. ವಸ್ತು ಅದೇ, ಕಣ್ಣು ಅದೇ; ಅಪರೂಪವಾಗಿದ್ದೇ ಅದರ ಅಪರಾಧ. ‘ಇಲ್ಲ, ಇಲ್ಲ, ಇಲ್ಲ’ ಎಂದು ಹೇಳಿ ಹೇಳಿ ಅಭ್ಯಾಸವಾದ ಮನಸ್ಸು ಹುಡುಕಾಟವನ್ನು ಬೇಗ ಕೈಬಿಡುತ್ತದೆ. ನಮ್ಮ ಕಾಲದ ಅತಿ ಮುಖ್ಯ ಹುಡುಕಾಟಗಳೆಲ್ಲ ಇಂಥವೇ. ಸ್ತನ ಕ್ಯಾನ್ಸರ್ ತಪಾಸಣೆಗೆ ಬಂದ ಬಹುತೇಕರಲ್ಲಿ ಗಡ್ಡೆಯಿರುವುದಿಲ್ಲ. ವಿಮಾನ ನಿಲ್ದಾಣದ ಬಹುತೇಕ ಚೀಲಗಳಲ್ಲಿ ಇರುವುದು ಬಟ್ಟೆ, ತಿಂಡಿ.

ಇನ್ನು 2013ರ ಒಂದು ಪ್ರಯೋಗವನ್ನು ಹೇಳದಿದ್ದರೆ ಈ ಚರಿತ್ರೆ ಪೂರ್ತಿಯಾಗದು. ಶ್ವಾಸಕೋಶದ ಸ್ಕ್ಯಾನ್‌ಗಳಲ್ಲಿ ಕ್ಯಾನ್ಸರಿನ ಪುಟ್ಟ ಗಂಟುಗಳನ್ನು ಹುಡುಕುವಂತೆ 24 ಮಂದಿ ರೇಡಿಯಾಲಜಿಸ್ಟರಿಗೆ ಹೇಳಲಾಯಿತು. ಕೊನೆಯ ಸ್ಕ್ಯಾನ್‌ನಲ್ಲಿ ಸಂಶೋಧಕರು ಒಂದು ಗೊರಿಲ್ಲಾದ ಚಿತ್ರವನ್ನು ಸೇರಿಸಿದ್ದರು, ಸರಾಸರಿ ಗಂಟಿನ 48 ಪಟ್ಟು ದೊಡ್ಡದು. 20 ಮಂದಿ ಅದನ್ನು ಕಾಣಲಿಲ್ಲ. ಕಾಣದವರಲ್ಲಿ ಹನ್ನೆರಡು ಮಂದಿಯ ಕಣ್ಣು ನೇರವಾಗಿ ಗೊರಿಲ್ಲಾದ ಮೇಲೆಯೇ ಹೋಗಿತ್ತು ಎಂದು ಕಣ್ಣಿನ ಜಾಡು ತೋರಿಸಿತು. ಸುದ್ದಿಯನ್ನು ಓದಿ ಬಹಳ ಜನ ನಕ್ಕರು. ಆದರೆ ಗಂಟುಗಳನ್ನು ಹುಡುಕುವುದರಲ್ಲಿ ಇದೇ ವೈದ್ಯರು ಸಾಮಾನ್ಯರಿಗಿಂತ ಎಷ್ಟೋ ಮುಂದಿದ್ದರು. ಬಿಳಿ ಪುಟ್ಟ ಗುಂಡನೆಯದನ್ನು ಹುಡುಕು ಎಂದು ವರ್ಷಗಟ್ಟಲೆ ಪಳಗಿಸಿದ ಗಮನ, ಕಪ್ಪನೆಯ ದೊಡ್ಡದನ್ನು ಕಾಣಲಿಲ್ಲ. ಅವರ ಪರಿಣತಿ ಮತ್ತು ಅವರ ಕುರುಡು ಬಂದದ್ದು ಒಂದೇ ಕಡೆಯಿಂದ. ಒಂದನ್ನು ಚೆನ್ನಾಗಿ ಹುಡುಕುವುದೆಂದರೆ ಉಳಿದದ್ದನ್ನು ಬಿಟ್ಟುಕೊಡುವುದು.

ಹೀಗೆ 150 ವರ್ಷಗಳ ಈ ಚರಿತ್ರೆ ಒಂದು ಆರೋಪವನ್ನು ನಿಧಾನವಾಗಿ ಒಂದು ತಿಳಿವಳಿಕೆಯಾಗಿ ಬದಲಿಸಿದೆ. ‘ಕಣ್ಣೆಲ್ಲಿಟ್ಟಿದ್ದೆ?’ ಎನ್ನುವುದಕ್ಕಿಂತ ‘ನಿನ್ನ ಗಮನಕ್ಕೆ ಏನು ಹೇಳಿ ಕಳಿಸಿದ್ದೆವು, ಎಷ್ಟು ಹೊತ್ತು ಕೂರಿಸಿದ್ದೆವು, ಎಷ್ಟು ಅಪರೂಪದ್ದನ್ನು ಹುಡುಕಲು ಹೇಳಿದ್ದೆವು?’ ಎನ್ನುವುದು ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ. ಹಾಗೆಂದು ಉದಾಸೀನ ಎನ್ನುವುದೇ ಲೋಕದಲ್ಲಿ ಇಲ್ಲ ಎಂದಲ್ಲ. ಆದರೆ ಈ ಪ್ರಶ್ನೆ ಕೇಳಿದವರಿಗೆ ಮಾತ್ರ ಪರಿಹಾರಗಳು ಹೊಳೆದಿವೆ. ವಿಮಾನ ನಿಲ್ದಾಣಗಳ ಪರದೆಯಲ್ಲಿ ಆಗಾಗ ಸುಳ್ಳು ಆಯುಧದ ಚಿತ್ರವನ್ನು ತೂರಿಸಿ, ಸಿಕ್ಕಿತೋ ತಪ್ಪಿತೋ ಎಂದು ತಕ್ಷಣ ತಿಳಿಸುವ ಪದ್ಧತಿಯಿದೆ. ಮ್ಯಾಕ್‌ವರ್ತ್‌ನ ಗಡಿಯಾರದ ಕೋಣೆಯ ಪಾಠವೇ ಅದು. ಕ್ಷಯರೋಗದ ಫಿಲ್ಮ್‌ಗಳ ಕಾಲದಲ್ಲೇ ಹೇಳಿದ್ದ ಇನ್ನೊಂದು ಉಪಾಯ, ಒಬ್ಬರು ಓದಿದ ಚಿತ್ರವನ್ನು ಮತ್ತೊಬ್ಬರೂ ಓದುವುದು. ಬ್ರಿಟನ್ನಿನ ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಇಬ್ಬರು ಓದುವ ಕ್ರಮ ರೂಢಿಯಲ್ಲಿದೆ.

ನಮ್ಮಜ್ಜಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಆದರೆ ಕಲ್ಲು ಸಿಕ್ಕ ಮರುದಿನ, ನಾವು ಆರಿಸಿ ಮುಗಿಸಿದ ಮೊರವನ್ನು ಅವಳು ಮಾತಾಡದೆ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಅಂಗೈಯಲ್ಲಿ ಅಕ್ಕಿಯನ್ನು ತೆಳ್ಳಗೆ ಹರಡಿ, ಇನ್ನೊಂದು ಸಲ ನೋಡುತ್ತಿದ್ದಳು.